ಕೊನೆಯ ರಕ್ಕಸನ ಬಾಗಿಲು

ಅಂಗಡಿ ಅಕ್ಕನ ಬಲಗೈ ಹೆಬ್ಬೆರಳು ನೆನಪಾದರೆ ಸಾಕು, ಮುಖ, ದನಿ, ನಗು ಎಲ್ಲ ಅದರ ಹಿಂದೆಯೇ ಬರುತ್ತವೆ. ಅವರೆಕಾಯಿ ಕಾಲ ಬಂತೆಂದರೆ ಆ ಬೆರಳ ತುದಿ ಕಪ್ಪಗೆ ಕರೆಗಟ್ಟಿರುತ್ತಿತ್ತು. ಹೊಳೆನರಸೀಪುರದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯ ಆ ಅಂಗಡಿಗೆ ನಾನು ಮೊದಲ ಸಲ ಕಾಲಿಟ್ಟಾಗ ಇದ್ದವರು ಮೂರೇ ಜನ. ಟೀವಿಗೆ ಮೂಗು ತಾಗಿಸಿ ವಿಡಿಯೋ ಗೇಮ್ ಆಡುತ್ತಿದ್ದ ಇಬ್ಬರು ಕಾಲೇಜು ಹುಡುಗರು, ಅವರ ಬೆನ್ನಿಗೆ ಮಣೆ ಹಾಕಿಕೊಂಡು ನೆನೆಸಿದ ಅವರೆಕಾಳು ಹಿತುಕುತ್ತಿದ್ದ ಅಂಗಡಿ ಅಕ್ಕ. ಹೆಬ್ಬೆರಳು ಒಂದಿಷ್ಟು ಅದುಮಿದರೆ ಕಾಳು ಸಿಪ್ಪೆ ಬಿಟ್ಟು ಚಿಮ್ಮಿ ತಟ್ಟೆಗೆ ಬೀಳುತ್ತಿತ್ತು. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿದ್ದರೆ ಕಣ್ಣು ಮಾತ್ರ ಟೀವಿಯ ಮೇಲೆ.

"ಲೇ, ಒಂದೇ ಏಟ ಎಷ್ಟು ಸಲ ಒಡೀತೀಯಲಾ? ರಕ್ಕಸಂಗೇ ಬೇಜಾರಾಗೋಯ್ತದೆ!" ಎಂದು ಅಕ್ಕ ಒಬ್ಬ ಹುಡುಗನನ್ನು ಗದರಿದರು.

ನಾನು ಆಗಷ್ಟೇ ಕೆಲಸ ಸಿಕ್ಕಿ ಪಕ್ಕದ ಹಳ್ಳಿಯ ಶಾಲೆಗೆ ಬಂದಿದ್ದ ಮೇಷ್ಟ್ರು. ಪಟ್ಟಣದಲ್ಲಿ ಬಾಡಿಗೆಗೆ ಒಂದು ಕೋಣೆ ಹಿಡಿದಿದ್ದೆ. ಅವತ್ತು ಹೋಗಿದ್ದು ಒಂದು ಜೆರಾಕ್ಸಿಗೆ. ಆ ಅಂಗಡಿ ಮೊದಲು ಎಸ್ಟಿಡಿ ಬೂತು. ಅದರ ಕಾಲ ಮುಗಿಯುತ್ತಿದ್ದಂತೆ ಅಕ್ಕನ ಗಂಡ ಎರಡು ಟೀವಿ, ಎರಡು ಗೇಮ್ ಮಿಷನ್ ತಂದಿಟ್ಟರು. ಆಮೇಲೆ ಅವರು ತೆಂಗಿನಕಾಯಿ ವ್ಯಾಪಾರಕ್ಕೆ ಬಿದ್ದು ವಾರದಲ್ಲಿ ನಾಲ್ಕು ದಿನ ಚನ್ನರಾಯಪಟ್ಟಣ, ದಂಡಿಗನಹಳ್ಳಿ ಕಡೆಯ ತೋಟಗಳಲ್ಲೇ ಇರುತ್ತಿದ್ದರು. ಅಂಗಡಿ ಅಕ್ಕನ ಪಾಲಿಗೆ ಬಂತು.

ಆಟದ ನಿಜವಾದ ಹೆಸರನ್ನು ಅಲ್ಲಿ ಯಾರೂ ಹೇಳುತ್ತಿರಲಿಲ್ಲ. ನಮಗೆಲ್ಲ ಅದು 'ರಕ್ಕಸನ ಆಟ'. ಬಿಳಿ ಕೂದಲಿನ, ಕೆಂಪು ಕೋಟಿನ ಒಬ್ಬ ಆಳು ಒಂದು ಹಾಳು ಕೋಟೆಗೆ ಹೋಗಿ ಅಲ್ಲಿರುವ ರಕ್ಕಸರನ್ನೆಲ್ಲ ಕತ್ತಿಯಿಂದಲೂ ಜೋಡಿ ಪಿಸ್ತೂಲಿನಿಂದಲೂ ಮುಗಿಸಬೇಕು. ಮುಗಿಸಿದರಷ್ಟೇ ಸಾಲದು. ಕತ್ತಿಯಲ್ಲಿ ಮೇಲಕ್ಕೆ ಎತ್ತಿ ಎಸೆದು, ಕೆಳಗೆ ಬೀಳುವುದರೊಳಗೆ ಗುಂಡು ಹೊಡೆದು, ತಾನು ಏಟು ತಿನ್ನದೆ, ನಿಲ್ಲಿಸದೆ ಅಂದವಾಗಿ ಹೊಡೆದಷ್ಟೂ ಪರದೆಯ ಮೂಲೆಯಲ್ಲಿ ಇಂಗ್ಲಿಷಿನ ಅಕ್ಷರ ಏರುತ್ತಾ ಹೋಗುತ್ತದೆ. ಡಿಯಿಂದ ಸಿ, ಸಿಯಿಂದ ಬಿ, ಆಮೇಲೆ ಎ, ಎಲ್ಲಕ್ಕಿಂತ ಮೇಲೆ ಎಸ್.

"ಅದ್ಯಾವ ಇಸ್ಕೂಲು ಮೇಷ್ಟ್ರೇ, ಎ ಆದ್ಮೇಲೆ ಎಸ್ಸು ಬರೋದು?" ಎಂದು ಅಕ್ಕ ನನ್ನನ್ನು ಕೇಳಿದ್ದರು. ಅಕ್ಕನಿಗೆ ಗೊತ್ತಿದ್ದ ಇಂಗ್ಲಿಷ್ ಅಕ್ಷರ ಆ ಐದೇ. ಆದರೆ ಆ ಐದನ್ನೂ ಬೇಕೆಂದಾಗ ಪರದೆಗೆ ಬರಿಸುತ್ತಿದ್ದರು.

ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಕೈ ಒರೆಸಿಕೊಂಡು ಆಟದ ರಿಮೋಟು ಹಿಡಿದರೆಂದರೆ ನೋಡಬೇಕಿತ್ತು. ನಾವೆಲ್ಲ ಗುಂಡಿಗಳನ್ನು ಕುಟ್ಟುತ್ತಿದ್ದೆವು. ಅಕ್ಕ ಹಿತುಕುತ್ತಿದ್ದರು. "ಜೋರಾಗಿ ಒತ್ತಿದ್ರೆ ಕಾಳು ನಜ್ಜಾಯ್ತದೆ, ಮೆತ್ತಗೆ ಒತ್ತಿದ್ರೆ ಸಿಪ್ಪೆ ಬುಡಲ್ಲ. ಇದೂ ಅಂಗೇಯ" ಎನ್ನುತ್ತಿದ್ದರು. ರಕ್ಕಸ ಗಾಳಿಯಲ್ಲಿ ತೇಲುತ್ತಲೇ ಇರುತ್ತಿದ್ದ, ನೆಲಕ್ಕೆ ಬೀಳಲು ಅಕ್ಕನ ಅಪ್ಪಣೆ ಬೇಕೆಂಬಂತೆ.

ನಾನು ಆಡಿದರೆ ಯಾವಾಗಲೂ ಡಿ. ಒಂದು ಏಟು ಕಲಿತಿದ್ದೆ, ಅದನ್ನೇ ಹೊಡೆಯುತ್ತಿದ್ದೆ. ಅಕ್ಕ ಹಿಂದಿನಿಂದ ಹೇಳುತ್ತಿದ್ದರು: "ಮಕ್ಳಿಗೂ ಇಂಗೇ ಪಾಠ ಮಾಡ್ತೀರಾ ಮೇಷ್ಟ್ರೇ? ಒಂದೇ ಸಮ ಕುಟ್ಟೋದಾ?" ಹುಡುಗರು ನಗುತ್ತಿದ್ದರು. ನಾನೂ ನಕ್ಕಿದ್ದೆ. ಆದರೆ ಮಾರನೇ ದಿನ ಮಗ್ಗಿ ಹೇಳಿಸುವಾಗ ಅದೇ ಮಾತು ಕಿವಿಯಲ್ಲಿ ಕೂತಿತ್ತು. ಕಡ್ಡಿ ಎಣಿಸಿ, ಕಲ್ಲು ಜೋಡಿಸಿ, ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ ಬೇರೆ ಬೇರೆ ಬಗೆಯಲ್ಲಿ ಹೇಳಿಕೊಡಲು ಶುರುಮಾಡಿದ್ದು ಅಲ್ಲಿಂದ. ಟ್ರೈನಿಂಗಿನಲ್ಲಿ ಕಲಿಯದ್ದನ್ನು ಆಟದಂಗಡಿಯಲ್ಲಿ ಕಲಿತೆ.

ಅಕ್ಕ ಆ ಆಟವನ್ನು ತಿಂಗಳುಗಟ್ಟಲೆ, ಬಿಡುವಾದಾಗ ಇಷ್ಟಿಷ್ಟೇ ಆಡುತ್ತಾ ಬಂದು ಒಂದು ಭಾನುವಾರ ಕೊನೆಯ ರಕ್ಕಸನ ಬಾಗಿಲ ಮುಂದೆ ನಿಂತರು. ಆಡಿದ್ದು ಎಲ್ಲಿಗೆ ನಿಂತಿದೆ ಎಂಬುದು ಬೆಂಕಿಪೊಟ್ಟಣದಷ್ಟಿರುವ ಒಂದು ಮೆಮೊರಿ ಕಾರ್ಡಿನಲ್ಲಿ ಉಳಿಯುತ್ತದೆ. ಅಕ್ಕ ಅದರಲ್ಲಿ ಉಳಿಸಿ ಎದ್ದರು.

"ನಾಳೆ ಸೋಮ್ವಾರ. ತಲೆಗೆ ನೀರಾಕ್ಕೊಂಡು ಬಂದು ಅವುನ್ನ ಮುಗಿಸ್ತೀನಿ. ಈಗ ನಾದ್ನಿ ಬಂದವ್ಳೆ, ಊಟಕ್ಕಿಡ್ಬೇಕು. ಒಂದೆರಡು ಗಂಟೆ ಅಂಗ್ಡಿ ನೋಡ್ಕಳ್ಳಿ ಮೇಷ್ಟ್ರೇ" ಎಂದು ಹಿಂದಿನ ಮನೆಗೆ ಹೋದರು.

ನಾನು ಕೂತು ಮೊದಲಿನಿಂದ ಆಡಲು ಶುರುಮಾಡಿದೆ. ಅವತ್ತು ಕೈ ಚೆನ್ನಾಗಿ ಓಡಿತು. ಮೂರನೇ ಹಂತ ದಾಟಿದಾಗ ಮೂಲೆಯಲ್ಲಿ ಬಿ ಬಂದಿತ್ತು, ಜೀವಮಾನದ ಮೊದಲ ಬಿ. ಉಳಿಸಲು ಹೋದರೆ ಕಾರ್ಡಿನಲ್ಲಿ ಜಾಗವಿಲ್ಲ, ಹಳೆಯದರ ಮೇಲೆಯೇ ಬರೆಯಲೇ ಎಂದು ಪರದೆ ಕೇಳಿತು. ಅದೇ ಹೊತ್ತಿಗೆ ಹೊರಗೆ ಸೈಕಲ್ ಸ್ಟ್ಯಾಂಡ್ ಹಾಕಿದ ಸದ್ದು. ನೋಡಿದರೆ ನಮ್ಮ ಹೆಡ್ ಮೇಷ್ಟ್ರು, ಕಂಕುಳಲ್ಲಿ ಕಾಗದದ ಕಟ್ಟು. ಹಾಗೇ ಮಿಷನ್ ಆರಿಸಿದ್ದರೆ ನನ್ನ ಎರಡು ಗಂಟೆಯ ಆಟ ಹೋಗುತ್ತಿತ್ತು, ಅಷ್ಟೆ. ನನ್ನ ಬಿ ಉಳಿಯಲಿ ಎಂಬ ಆಸೆಗೆ ಹೌದು ಎಂದು ಒತ್ತಿ, ಆಮೇಲೆ ಆರಿಸಿದೆ. ಓದದೆ ಒತ್ತಿದೆ ಎಂದರೆ ಸುಳ್ಳಾಗುತ್ತದೆ. ಹಳೆಯದು ಯಾರದೆಂದು ಯೋಚಿಸದೆ ಒತ್ತಿದೆ.

"ಏನ್ರೀ, ನೀವಿಲ್ಲಿ? ಅಂಗಡಿ ಇಟ್ರಾ?"

"ಇಲ್ಲ ಸಾ, ಜೆರಾಕ್ಸಿಗೆ ಬಂದಿದ್ದೆ."

ಅವರು ಹೋದ ಮೇಲೆ ಮತ್ತೆ ಮಿಷನ್ ಹಾಕಿ ನೋಡಿದೆ. ಕಾರ್ಡಿನಲ್ಲಿ ಕೋಟೆಯೂ ಇತ್ತು, ಕೆಂಪು ಕೋಟೂ ಇತ್ತು. ಕೊನೆಯ ಬಾಗಿಲು ಇರಲಿಲ್ಲ. ಇದ್ದದ್ದು ನನ್ನ ಮೂರನೇ ಹಂತ.

ಸೋಮವಾರ ಬೆಳಿಗ್ಗೆ ಶಾಲೆಗೆ ಹೋಗುವ ಮುಂಚೆ ಅಂಗಡಿಗೆ ಹೋದೆ, ಹೇಳಿಬಿಡಬೇಕು ಎಂದೇ. ಅಕ್ಕ ಒದ್ದೆ ತಲೆಗೆ ಟವೆಲು ಸುತ್ತಿ, ಹಣೆಗೆ ಅಗಲ ಕುಂಕುಮ ಇಟ್ಟು ಆಗಲೇ ಕೂತಿದ್ದರು. ರಿಮೋಟು ಮಡಿಲಲ್ಲಿ ಬಿದ್ದಿತ್ತು.

"ಮೇಷ್ಟ್ರೇ, ನೆನ್ನೆ ನೀವೇನಾದ್ರೂ ಇದ ಮುಟ್ಟಿದ್ರಾ?"

"ಇಲ್ಲ ಅಕ್ಕ. ಮುಟ್ಟಲೇ ಇಲ್ಲ."

ಬಾಯಿಗೆ ಬಂದದ್ದು ಅದು. ಅಕ್ಕ ತಲೆಯಾಡಿಸಿದರು. ಇನ್ನೊಬ್ಬರು ಹೇಳಿದ್ದರೆ ಎರಡನೇ ಸಲ ಕೇಳುತ್ತಿದ್ದರೋ ಏನೋ. ಹೇಳಿದ್ದು ಮೇಷ್ಟ್ರು. "ಅಂಗಾರೆ ನಾನೇ ಉಳ್ಸೋವಾಗ ಏನೋ ತಪ್ಪೊತ್ತಿದೀನಿ. ಓದು ಬರಾ ಬರ್ದೋಳಿಗೆ ಇವೆಲ್ಲ ಯಾಕ್ ಬೇಕಿತ್ತು ಬುಡಿ" ಎಂದು ರಿಮೋಟಿನ ವೈರು ಸುತ್ತಿ ಮೇಲಿಟ್ಟರು. ಆಮೇಲೆ ಅವರು ಅದನ್ನು ಕೈಯಲ್ಲಿ ಹಿಡಿದದ್ದನ್ನು ನಾನು ಕಾಣಲಿಲ್ಲ. ಹುಡುಗರು ಎಷ್ಟು ಕರೆದರೂ "ನಂಗೆ ಒತ್ತಕ್ಕೆ ಬರಲ್ಲ ಕಣ್ರಲಾ" ಎನ್ನುತ್ತಿದ್ದರು. ಎಸ್ ಬರಿಸುತ್ತಿದ್ದ ಹೆಬ್ಬೆರಳು ಅದು.

ಮುಂದೆ ನನಗೆ ಅರಕಲಗೂಡು ತಾಲ್ಲೂಕಿಗೆ ವರ್ಗವಾಯಿತು. ಆಟದಂಗಡಿ ಹೋಗಿ ಮೊಬೈಲ್ ರೀಚಾರ್ಜಿನ ಅಂಗಡಿಯಾಯಿತು. ಈಗ ಬಸ್ಸಿನಲ್ಲಿ ಪಕ್ಕದ ಸೀಟಿನವರ ಫೋನು ಇಣುಕಿದರೂ ಅದೇ ಕಾಣುತ್ತದೆ: ರಕ್ಕಸನನ್ನು ಗಾಳಿಗೆ ಎತ್ತುವುದು, ಬೀಳಗೊಡದೆ ಹೊಡೆಯುವುದು, ಮೂಲೆಯಲ್ಲಿ ಏರುವ ಅಕ್ಷರ. ಒಂದು ಭಯದ ಆಟದ ಮುಂದಿನ ಭಾಗ ಮಾಡಲು ಹೊರಟವರ ಕೈಯಲ್ಲಿ ನಮ್ಮ ರಕ್ಕಸನ ಆಟ ಬೇರೆಯೇ ಆಗಿ ಹುಟ್ಟಿತಂತೆ, ಆಮೇಲೆ ಬಂದ ಈ ಜಾತಿಯ ಆಟಗಳೆಲ್ಲ ಅದನ್ನು ನೋಡಿಯೇ ಕಲಿತವಂತೆ. ಎಲ್ಲೋ ಓದಿದೆ. ಓದಿದಾಗ ಅಕ್ಕನಿಗೆ ಹೇಳಬೇಕು ಅನ್ನಿಸಿತ್ತು. ಹೇಳಬೇಕಾದ್ದು ಇನ್ನೊಂದು ಬಾಕಿ ಇದ್ದದ್ದರಿಂದ ಆ ಬೀದಿಗೇ ಹೋಗಲಿಲ್ಲ.

ಕಳೆದ ವರ್ಷ ಅವರು ಹಾಸನದ ಆಸ್ಪತ್ರೆಯಲ್ಲಿದ್ದಾರೆಂದು ತಿಳಿದು ನೋಡಲು ಹೋದೆ. ಮಂಚದಲ್ಲಿ ಅಂಗೈಯಗಲ ಆಗಿಹೋಗಿದ್ದರು. ಮಗಳು ಗಂಜಿ ಕುಡಿಸುತ್ತಿದ್ದಳು. ನನ್ನನ್ನು ಕಂಡು ಅಕ್ಕನ ಕಣ್ಣು ಅರಳಿತು.

"ಬಂದ್ರಾ ಡಿ ಮೇಷ್ಟ್ರು! ಅದ್ಯಾವತ್ತಾದ್ರೂ ಮುಗಿಸಿದ್ರಾ ಆ ಆಟವ? ಕೊನೆಗೆ ಏನಾಯ್ತು?"

"ನಾನು ಮುಗಿಸಿಲ್ಲ, ಓದಿ ತಿಳ್ಕೊಂಡೆ. ರಕ್ಕಸ ಸೋಲ್ತಾನೆ ಅಕ್ಕ. ಕೋಟೆಯೆಲ್ಲ ಕುಸಿದು ಬೀಳುತ್ತೆ. ಕೆಂಪು ಕೋಟಿನವನು ವಿಮಾನದಲ್ಲಿ ತಪ್ಪಿಸ್ಕೊಂಡು ಹೋಗ್ತಾನೆ."

"ಇಮಾನವಾ? ಕತ್ತಿ ಇಡ್ಕೊಂಡೋನ್ಗೆ ಇಮಾನ ಎಲ್ಲಿಂದ ಬಂತಪ್ಪ!" ನಕ್ಕರು, ಕೆಮ್ಮು ಬಂತು. ಸುಧಾರಿಸಿಕೊಂಡು ಮೆಲ್ಲಗೆ ಅಂದರು: "ನಾನೇ ಕೈಯಾರ ಅಳ್ಸಾಕ್ಕೊಂಡೆ ನೋಡಿ. ಇಲ್ದಿದ್ರೆ ನಾನೂ ನೋಡ್ತಿದ್ದೆ."

ಹೇಳುವ ಹೊತ್ತು ಅದೇ ಆಗಿತ್ತು. ನನ್ನ ಬಾಯಿಂದ ಬಂದದ್ದು ಬೇರೆ. "ಮಿಷನ್ ತರ್ತೀನಿ ಅಕ್ಕ. ಆ ಬಾಗಿಲವರೆಗೂ ನಾನು ಆಡಿ ತಂದು ನಿಮ್ಮ ಕೈಗೆ ಕೊಡ್ತೀನಿ. ಅವನನ್ನ ನೀವೇ ಮುಗಿಸಿ."

ಅವರು ಹೆಬ್ಬೆರಳು ನೋಡಿಕೊಂಡರು. "ತನ್ನಿ. ಆದ್ರೆ ಒಂದೇ ಏಟ ಕುಟ್ಕೊಂಡ್ ಬರ್ಬೇಡಿ ಮತ್ತೆ."

ಹಾಸನದಲ್ಲೇ ಹುಡುಕಿ ಒಂದು ಹಳೆಯ ಮಿಷನ್ ಕೊಂಡೆ. ದಿನಾ ಶಾಲೆ ಬಿಟ್ಟ ಮೇಲೆ ಕೂತು ಆಡಿದೆ. ಈ ವಯಸ್ಸಿಗೆ ಬೆರಳು ಓಡುವುದಿಲ್ಲ. ಅಕ್ಕನಿಗೆ ಕೊಡುವುದಲ್ಲವೇ ಎಂದು, ಡಿ ಬಂದ ಹಂತಗಳನ್ನು ಮತ್ತೆ ಮತ್ತೆ ಆಡಿ ಬಿ ಮಾಡಿಕೊಂಡು ಮುಂದೆ ಹೋದೆ. ಹಾಗೆ ಮಾಡಿ ತಡ ಮಾಡಿದೆ. ಮೂರು ವಾರ ಹಿಡಿಯಿತು. ಒಂದು ಶನಿವಾರ ಕೊನೆಯ ಬಾಗಿಲು ಬಂತು. ಉಳಿಸಿ, ಉಳಿದಿದೆಯೇ ಎಂದು ಎರಡು ಸಲ ನೋಡಿ, ನಾಳೆ ಹೊರಡುವುದೆಂದು ಮಿಷನ್ನನ್ನು ಚೀಲಕ್ಕೆ ಹಾಕುತ್ತಿದ್ದಾಗ ಫೋನು ಬಂತು.

ಅಕ್ಕನ ಹನ್ನೊಂದನೇ ದಿನದ ತಿಥಿಗೆ ಹೊಳೆನರಸೀಪುರಕ್ಕೆ ಹೋದೆ. ಕಾರ್ಡು ಜೇಬಿನಲ್ಲಿತ್ತು. ಅಡುಗೆಮನೆ ಬಾಗಿಲಲ್ಲಿ ಮಗಳನ್ನು ನಿಲ್ಲಿಸಿಕೊಂಡು ಆ ಭಾನುವಾರದ್ದನ್ನೂ ಸೋಮವಾರದ್ದನ್ನೂ ಹೇಳಿ, ಕಾರ್ಡು ತೋರಿಸಿದೆ. ಅವಳು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಪೂರ್ತಿ ಕೇಳಿಸಿಕೊಂಡಳು.

"ಇದ ಅವ್ವಂಗೆ ಏಳ್ಬೇಕಿತ್ತು ಮೇಷ್ಟ್ರೇ. ನಂಗಲ್ಲ."

ಆಮೇಲೆ ಕೈ ಚಾಚಿದಳು. "ಕೊಡಿ ಇಲ್ಲಿ."

ಅಕ್ಕನ ಫೋಟೋದ ಮುಂದೆ ಎಡೆ ಇಟ್ಟಿದ್ದರು. ಅವರಿಗೆ ಇಷ್ಟವಾದ ಹಿತುಕಿದ ಬೇಳೆ ಸಾರು, ಮುದ್ದೆ, ಎಲೆ ಅಡಿಕೆ. ಮಗಳು ಕಾರ್ಡನ್ನು ಎಲೆ ಅಡಿಕೆಯ ಪಕ್ಕದಲ್ಲಿಟ್ಟಳು. ಹೋದವರು ಬಂದು ಉಣ್ಣಲಿ ಎಂದು ಬಾಗಿಲು ಮುಂದೆ ಮಾಡಿದರು. ನಾವೆಲ್ಲ ಹೊರಗೆ ನಿಂತೆವು.