ಅಟ್ಟವಿಲ್ಲದ ದೆವ್ವದ ಸಿನಿಮಾ

ದೆವ್ವದ ಸಿನಿಮಾಗಳ ವಿಷಯಕ್ಕೆ ಬಂದರೆ ನನ್ನ ಮುಂದೆ ಯಾರೂ ಬಾಯಿ ಬಿಡಬಾರದು ಎಂಬ ಜಂಬ ನನಗೆ ಬಹಳ ಕಾಲ ಇತ್ತು. ಬೇಲೂರಿನ ಕಚೇರಿಯಲ್ಲಿ ಗುಮಾಸ್ತನಾಗಿದ್ದಾಗ, ಮಧ್ಯಾಹ್ನ ಎಲ್ಲರೂ ಊಟದ ಡಬ್ಬಿ ಬಿಚ್ಚಿ ಕೂತ ಹೊತ್ತಿನಲ್ಲಿ ಯಾರಾದರೂ ಹೊಸ ದೆವ್ವದ ಚಿತ್ರವನ್ನು ಹೊಗಳಿದರೆ ಸುಮ್ಮನಿರಲು ನನ್ನಿಂದ ಆಗುತ್ತಿರಲಿಲ್ಲ. ಇದರ ಹಳೆಯದನ್ನು ನೋಡಿದ್ದೀರಾ ಎಂದು ಕೇಳುತ್ತಿದ್ದೆ. ಇಲ್ಲ ಅಂದರೆ ಅಲ್ಲಿಗೆ ಅವರ ಕಥೆ ಮುಗಿಯಿತು. ನೋಡಿದ್ದೇನೆ ಅಂದರೆ ಇನ್ನೂ ಕಷ್ಟ. ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸವನ್ನು ಅವರ ಅನ್ನ ಆರಿಹೋಗುವವರೆಗೆ ವಿವರಿಸುತ್ತಿದ್ದೆ.

ನನ್ನ ವಾದ ಸರಳವಾಗಿತ್ತು. ಹಳೆಯ ಕಾಲದವರು ದೆವ್ವವನ್ನು ತೋರಿಸುತ್ತಲೇ ಇರಲಿಲ್ಲ. ಬಾಗಿಲು ಕಿರ್ರೆನ್ನುವುದು, ಗೆಜ್ಜೆಯ ಸದ್ದು, ಅಷ್ಟೇ. ಮಿಕ್ಕಿದ್ದನ್ನು ನಾವೇ ಊಹಿಸಿಕೊಂಡು ನಡುಗಬೇಕಿತ್ತು. ಈಗಿನವರಿಗೆ ಆ ತಾಳ್ಮೆ ಎಲ್ಲಿದೆ? ಪರದೆಯ ತುಂಬ ಮುಖ ತಂದು ನಿಲ್ಲಿಸುತ್ತಾರೆ, ಕಂಪ್ಯೂಟರಿನಲ್ಲಿ ರಕ್ತ ಹರಿಸುತ್ತಾರೆ, ಕೂತ ಕುರ್ಚಿ ಅದುರುವ ಹಾಗೆ ಸದ್ದು ಮಾಡುತ್ತಾರೆ. ಅದೂ ಸಾಲದೆ, ಅವಳು ದೆವ್ವವಾದದ್ದು ಯಾಕೆ ಎಂದು ಅರ್ಧ ಗಂಟೆ ಹಿಂದಿನ ಕಥೆ ಹೇಳುತ್ತಾರೆ. ದೆವ್ವ ಕೂಡ ಸಮಜಾಯಿಷಿ ಕೊಡಬೇಕಾದ ಕಾಲ ಬಂತಲ್ಲ ಎಂದು ನಾನು ಗೊಣಗಿದರೆ ಡಬ್ಬಿ ಮುಚ್ಚಿ ಎದ್ದುಹೋಗುತ್ತಿದ್ದರು.

ಇಷ್ಟೆಲ್ಲ ಮಾತಿಗೆ ನನಗಿದ್ದ ಆಧಾರ ಒಂದೇ ಒಂದು ಚಿತ್ರ. ಅರಸೀಕೆರೆಯ ಟಾಕೀಸಿನಲ್ಲಿ, ಮ್ಯಾಟಿನಿ ಆಟದಲ್ಲಿ, ಅಕ್ಕನ ಪಕ್ಕದಲ್ಲಿ ಕೂತು ನೋಡಿದ ಒಂದು ಕಪ್ಪು ಬಿಳುಪು ಚಿತ್ರ.

ಅವ್ವ ತೀರಿಕೊಂಡ ಮೇಲೆ ನಾವು ನೋಡಿದ ಮೊದಲ ಸಿನಿಮಾ ಅದು. ವರ್ಷದ ಎಡೆ ಮುಗಿಯುವ ತನಕ ನಮ್ಮಲ್ಲಿ ಹಬ್ಬವಿಲ್ಲ, ಹೊಸ ಬಟ್ಟೆಯಿಲ್ಲ, ಸಿನಿಮಾ ಅಂತೂ ಬಾಯಲ್ಲೇ ಆಡುವ ಹಾಗಿಲ್ಲ. ಎಡೆ ಮುಗಿದ ವಾರವೇ ಅಕ್ಕ ಅಪ್ಪನನ್ನು ಕೇಳಿದಳು. ಅವಳಿಗೆ ಹದಿನಾಲ್ಕು, ನನಗೆ ಏಳು. ಹೆಣ್ಣುಮಗಳು ಒಬ್ಬಳೇ ಟಾಕೀಸಿಗೆ ಹೋಗಬಾರದು, ಜೊತೆಗೊಬ್ಬ ಗಂಡಸು ಇರಬೇಕು ಎಂದು ಅಪ್ಪ ಕಟ್ಟಪ್ಪಣೆ ಮಾಡಿದರು. ಆ ಗಂಡಸು ನಾನು. ನನಗೆ ಚಡ್ಡಿಯ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಅಕ್ಕನೇ ಹಾಕಿ, ತಲೆ ಬಾಚಿ, ತನ್ನ ಕಾವಲಿಗೆ ನನ್ನನ್ನು ಕೈ ಹಿಡಿದು ಕರೆದುಕೊಂಡು ಹೊರಟಳು. ದೆವ್ವದ ಚಿತ್ರ ಎಂಬುದು ಪೋಸ್ಟರ್ ನೋಡಿದರೇ ತಿಳಿಯುತ್ತಿತ್ತು. ಅದು ಎಂಥ ದೆವ್ವ ಎಂಬುದು ಮಾತ್ರ ಅವಳಿಗೂ ಗೊತ್ತಿರಲಿಲ್ಲ.

ಗೆಜ್ಜೆ ಸದ್ದು ಕೇಳಿದ್ದೇ ತಡ, ಕಾವಲುಗಾರ ಅಕ್ಕನ ಮಡಿಲಿಗೆ ಮುಖ ಹುದುಗಿಸಿದ. ಅಕ್ಕ ನನ್ನ ಎರಡೂ ಕಿವಿಗಳನ್ನು ಅಂಗೈಯಿಂದ ಒತ್ತಿ ಮುಚ್ಚಿದಳು. ಆಮೇಲೆ ಆಗಾಗ ಒಂದು ಕೈಯನ್ನು ತುಸುವೇ ಸಡಿಲಿಸಿ, ಬಗ್ಗಿ, ಆ ಸಂದಿನಲ್ಲಿ ಪರದೆಯ ಮೇಲೆ ನಡೆಯುತ್ತಿದ್ದುದನ್ನು ಪಿಸುಗುಟ್ಟುತ್ತಿದ್ದಳು. ಹೇಳಿ ಮುಗಿದ ಕೂಡಲೇ ಮತ್ತೆ ಮುಚ್ಚುತ್ತಿದ್ದಳು. ಇಂಥದು ಮೂರು ನಾಲ್ಕು ಕಡೆ ಆಗಿರಬೇಕು. ಕೊನೆಯ ಭಾಗದಲ್ಲಿ ಅವಳು ಹೇಳಿದ ಮಾತು ನನಗೆ ಇವತ್ತಿಗೂ ಹಾಗೇ ನೆನಪಿದೆ.

"ಅಟ್ಟದಿಂದ ಇಳೀತಾವ್ಳೆ ಕಣೋ. ಕಾಯಿ ಒಂದೂ ಉರುಳದಂಗೆ ಮೆತ್ತಗೆ ಕಾಲಿಡ್ತಾವ್ಳೆ. ಮಗು ಮಲಗೈತೆ. ಕಂಬಳಿ ಜಾರೋಗಿತ್ತು, ಹೊದಿಸಿದ್ಲು. ಅಷ್ಟೇ ಕಣೋ, ಏನೂ ಮಾಡ್ಲಿಲ್ಲ. ಮತ್ತೆ ಅಟ್ಟಕ್ಕೋದ್ಲು. ಹೂಂ, ಈಗ ಕಣ್ ಬಿಡು."

ಕಣ್ಣು ಬಿಟ್ಟಾಗ ಪರದೆಯ ಮೇಲೆ ಬೆಳಗಾಗಿತ್ತು. ಮಗು ಅಪ್ಪನ ಕೈ ಹಿಡಿದು ನಡೆಯುತ್ತಿತ್ತು, ಜನ ಎದ್ದು ಚಪ್ಪಲಿ ಹುಡುಕುತ್ತಿದ್ದರು. ಹೊರಗೆ ಬಂದು ಬಿಸಿಲಿಗೆ ಬಿದ್ದ ಕೂಡಲೇ ನನಗೆ ಧೈರ್ಯ ಬಂತು, ಕಡಲೆಕಾಯಿ ಕೊಡಿಸು ಎಂದು ಪೀಡಿಸಿದೆ. ಅಕ್ಕ ಕೊಡಿಸಿದಳು. ಮನೆ ಬರುವವರೆಗೆ ತಾನು ಒಂದೂ ತಿನ್ನಲಿಲ್ಲ.

ಅರಸೀಕೆರೆ ಸೀಮೆಯಲ್ಲಿ ಹುಟ್ಟಿದವರಿಗೆ ಅಟ್ಟ ಎಂದರೆ ಕೊಬ್ಬರಿ. ಸಿಪ್ಪೆ ಸುಲಿಯದ ಕಾಯಿಗಳನ್ನು ಅಟ್ಟದ ಮೇಲೆ ರಾಶಿ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಒಣಗಿ ಚಿಪ್ಪಿನಿಂದ ಬಿಟ್ಟುಕೊಂಡ ಮೇಲೆ, ಕಾಯಿ ಅಲುಗಿದರೆ ಸಾಕು, ಒಳಗೆ ಕೊಬ್ಬರಿ ಗೊಟಕ್ ಗೊಟಕ್ ಅನ್ನುತ್ತದೆ. ನಮ್ಮ ಅಟ್ಟದಲ್ಲಿ ಇಲಿ ಓಡಾಡಿದರೂ ಯಾರೋ ನಡೆದ ಹಾಗೆ ಕೇಳಿಸುತ್ತಿತ್ತು. ಬೇರೆ ಮನೆಯ ಮಕ್ಕಳು ಆ ಸದ್ದಿಗೆ ಹೆದರಿ ಅವ್ವನ ಸೆರಗಿನಲ್ಲಿ ಸೇರಿಕೊಳ್ಳುತ್ತಿದ್ದರು. ಆ ಸಿನಿಮಾ ನೋಡಿದ ಮೇಲೆ ನನಗೆ ಹೆದರಿಕೆ ಹೋಯಿತು. ಮೇಲೆ ಒಬ್ಬಳಿದ್ದಾಳೆ, ಹೊದಿಕೆ ಜಾರಿದರೆ ಇಳಿದು ಬಂದು ಹೊದಿಸುತ್ತಾಳೆ ಎಂದು ನಂಬಿದ್ದೆ. ಪರೀಕ್ಷೆ ಮಾಡಲು ಬೇಕೆಂದೇ ಕಂಬಳಿ ಒದ್ದು ಮಲಗುತ್ತಿದ್ದೆ. ಬೆಳಿಗ್ಗೆ ಏಳುವಾಗ ಅದು ಕತ್ತಿನವರೆಗೆ ಇರುತ್ತಿತ್ತು.

ಅಕ್ಕನನ್ನು ಗೆಂಡೆಹಳ್ಳಿಗೆ ಮದುವೆ ಮಾಡಿ ಕೊಟ್ಟರು. ನನಗೆ ಬೇಲೂರಿನಲ್ಲಿ ಕೆಲಸವಾಯಿತು. ಮದುವೆ ಯಾಕೋ ಕೂಡಿಬರಲಿಲ್ಲ. ಯಾಕೆ ಎಂದು ಮೊದಮೊದಲು ಎಲ್ಲರೂ ಕೇಳುತ್ತಿದ್ದರು, ಈಗ ಕೇಳುವವರೂ ಇಲ್ಲ. ಭಾನುವಾರ ಬಂದರೆ ಬಸ್ಸು ಹತ್ತಿ ಅಕ್ಕನ ಮನೆಗೆ ಹೋಗಿ ಮುದ್ದೆ ಉಂಡು ಬರುವುದು ನನ್ನ ಸಂಸಾರ. ಊಟದ ಜೊತೆಗೆ ಸಿನಿಮಾದ ಮಾತು ಇರಲೇಬೇಕು. ಭಾವ ಎದ್ದು ತೋಟಕ್ಕೆ ಹೋಗುತ್ತಿದ್ದರು, ನಾವಿಬ್ಬರು ಕೈ ಒಣಗುವವರೆಗೆ ಕೂತಿರುತ್ತಿದ್ದೆವು.

ನಮ್ಮ ಚಿತ್ರವನ್ನು ಮೊದಲ ಸಲ ಹೊಸದಾಗಿ ತೆಗೆದಾಗ ಇಬ್ಬರೂ ಹಾಸನಕ್ಕೆ ಹೋಗಿ ನೋಡಿದೆವು. ಆಗ ನನ್ನ ಕೂದಲು ನೆರೆಯಲು ಶುರುವಾಗಿತ್ತು. ಬಣ್ಣದ ಚಿತ್ರ, ಊಟಿಯ ಕಡೆಯ ಯಾವುದೋ ಬಂಗಲೆ, ನಾಯಕಿಗೆ ಎರಡು ಹಾಡು. ಅಟ್ಟವೇ ಇಲ್ಲ. ಅದನ್ನಾದರೂ ಸಹಿಸಬಹುದಿತ್ತು. ಕೊನೆಯಲ್ಲಿ ಒಬ್ಬ ಮಂತ್ರವಾದಿ ಬಂದು ಆ ಹೆಂಗಸನ್ನು ಹುಣಸೆಮರಕ್ಕೆ ಕಬ್ಬಿಣದ ಮೊಳೆ ಹೊಡೆದು ಕಟ್ಟಿಹಾಕುತ್ತಾನೆ. ನನಗೆ ಸಿಟ್ಟು ನೆತ್ತಿಗೇರಿತು. ಬಸ್ಸಿನಲ್ಲಿ ವಾಪಸು ಬರುವಾಗ ಪಕ್ಕದ ಸೀಟಿನವರು ತಿರುಗಿ ನೋಡುವಷ್ಟು ಕೂಗಾಡಿದೆ. ಎಷ್ಟು ಚೆಂದದ ಕೊನೆ ಇತ್ತು, ಕಂಬಳಿ ಹೊದಿಸಿ ಸುಮ್ಮನೆ ಅಟ್ಟಕ್ಕೆ ಹೋಗುತ್ತಿದ್ದಳು, ಈ ಕಟುಕರಿಗೆ ಮೊಳೆ ಎಲ್ಲಿ ಸಿಕ್ಕಿತು ಎಂದೆ. ಅಕ್ಕ ಕಿಟಕಿಯ ಆಚೆ ನೋಡುತ್ತಿದ್ದಳು.

"ಈಗಿನೋರು ಸೇರಿಸಿರ್ಬೇಕು ಬಿಡು," ಅಂದಳು.

ಆಮೇಲೆ ನಾನು ಎಷ್ಟು ಭಾನುವಾರ ಆ ಅಟ್ಟದ ಮಾತು ತೆಗೆದರೂ ಅವಳು ನಗುತ್ತ ಹೂಂಗುಟ್ಟುತ್ತಿದ್ದಳು. ಹಳೇದೇ ಚೆಂದಾಗಿತ್ತು ಅನ್ನುತ್ತಿದ್ದಳು. ಒಂದು ಸಲವೂ ಅಲ್ಲ ಎಂದವಳಲ್ಲ.

ಹೋದ ವರ್ಷ ಆಷಾಢದಲ್ಲಿ ಅಕ್ಕ ಹೋದಳು. ನಾನು ನಿವೃತ್ತನಾಗಿ ಹಳೇಬೀಡಿನಲ್ಲಿ ಒಂದು ಚಿಕ್ಕ ಮನೆ ಕಟ್ಟಿಕೊಂಡಿದ್ದೆ. ಮುಂದಿನ ಭಾಗದಲ್ಲಿ ಹೈಸ್ಕೂಲು ಮೇಡಂ ಮತ್ತು ಅವರ ಯಜಮಾನರು ಬಾಡಿಗೆಗೆ ಇದ್ದಾರೆ, ಹಿಂದಿನ ಭಾಗದಲ್ಲಿ ನಾನು. ದೇವಸ್ಥಾನ ನೋಡಲು ಈ ಊರಿಗೆ ದಿನವೂ ಬಸ್ಸುಗಟ್ಟಲೆ ಜನ ಬರುತ್ತಾರೆ. ಯಾರೂ ನನ್ನನ್ನು ನೋಡಲು ಬರುವುದಿಲ್ಲ. ಅಕ್ಕ ಹೋದ ಮೇಲೂ ಕೆಲವು ಭಾನುವಾರ ಷರಟು ಹಾಕಿಕೊಂಡು ಬಸ್ ನಿಲ್ದಾಣದವರೆಗೆ ಹೋಗಿದ್ದೇನೆ. ಗೆಂಡೆಹಳ್ಳಿ ಕಡೆಗೆ ಹೋಗುವವರು ಹತ್ತಿ ಹೋಗುವುದನ್ನು ನೋಡಿ, ಕಾಫಿ ಕುಡಿದು ವಾಪಸು ಬರುತ್ತೇನೆ. ಮನೆಗೆ ಬಂದು ಬೀಗ ತೆಗೆದರೆ ಒಳಗಿನಿಂದ ಯಾವ ಸದ್ದೂ ಇರುವುದಿಲ್ಲ. ಆರ್‌ಸಿಸಿ ಮನೆಗೆ ಅಟ್ಟ ಎಲ್ಲಿಂದ ಬರಬೇಕು?

ಈ ವರ್ಷ ಆ ಚಿತ್ರವನ್ನು ಮತ್ತೊಮ್ಮೆ ಹೊಸದಾಗಿ ತೆಗೆದರು. ಅರಸೀಕೆರೆಗೆ ಬಂದಿದೆ ಎಂದು ತಿಳಿದು ಒಬ್ಬನೇ ಹೋದೆ. ನಾವು ನೋಡಿದ್ದ ಟಾಕೀಸು ಈಗ ಕಲ್ಯಾಣ ಮಂಟಪ, ಇದು ಬೇರೆ ಕಡೆ. ಬೆಳಗಿನ ಆಟಕ್ಕೆ ನಾಲ್ಕಾರು ಕಾಲೇಜು ಹುಡುಗರು, ಮತ್ತೆ ನಾನು. ಅವರು ಹೆದರಬೇಕಾದಲ್ಲೆಲ್ಲ ನಗುತ್ತಿದ್ದರು. ನನಗೆ ಮಾತ್ರ, ನಾಚಿಕೆಯಾಗುತ್ತದೆ ಹೇಳಲು, ಗೆಜ್ಜೆ ಸದ್ದು ಬಂದಾಗ ಎಡಗೈ ತಾನಾಗಿಯೇ ಪಕ್ಕದ ಕುರ್ಚಿಗೆ ಹೋಯಿತು. ಕುರ್ಚಿ ಖಾಲಿ ಇತ್ತು. ಕೊನೆಯಲ್ಲಿ ಇವರೂ ಮೊಳೆಯನ್ನೇ ಹೊಡೆದರು.

ಮನೆಗೆ ಬಂದಾಗ ಮೇಡಂ ಗೇಟಿನ ಹತ್ತಿರ ಗಿಡಕ್ಕೆ ನೀರು ಹಾಕುತ್ತಿದ್ದರು. ಅವರಿಗೂ ದೆವ್ವದ ಚಿತ್ರಗಳ ಹುಚ್ಚು. ಎರಡೂ ಹೊಸ ಚಿತ್ರದವರು ಒಂದೇ ತಪ್ಪು ಮಾಡಿದ್ದಾರೆ, ಅಟ್ಟ ತೆಗೆದು ಮೊಳೆ ಸೇರಿಸಿದ್ದಾರೆ ಎಂದು ಅವರ ಮುಂದೆ ನನ್ನ ಪುರಾಣ ಬಿಚ್ಚಿದೆ. ಅವರು ಪೈಪು ಕೆಳಗಿಟ್ಟರು.

"ಸರ್, ಹಳೇದ್ರಲ್ಲೂ ಮೊಳೆ ಹೊಡೀತಾರಲ್ಲ? ಅಟ್ಟ ಎಲ್ಲೂ ಬರಲ್ಲ."

"ನೀವು ಹುಟ್ಟೋಕೆ ಮುಂಚೆ ನೋಡಿದೋನು ಕಣಮ್ಮ ನಾನು," ಅಂದೆ.

ಅವರು ಬೇಸರ ಮಾಡಿಕೊಳ್ಳಲಿಲ್ಲ. ಹಳೆಯದು ಫೋನಿನಲ್ಲೇ ಸಿಗುತ್ತದೆ, ನಾಳೆ ನಿಮ್ಮ ಟಿವಿಗೆ ಹಾಕಿಕೊಡುತ್ತೇನೆ ಎಂದರು. ನಾನು ಒಪ್ಪಿದೆ. ಅವರ ಬಾಯಿ ಮುಚ್ಚಿಸುವುದು ಒಂದು ನೆಪ, ಅಷ್ಟೇ. ಅಕ್ಕನ ದನಿ ನನ್ನ ಹತ್ತಿರ ಎಲ್ಲೂ ಇಲ್ಲ. ಫೋನಿನಲ್ಲಿ ಇಲ್ಲ, ಟೇಪಿನಲ್ಲಿ ಇಲ್ಲ. ಆ ಹೆಂಗಸು ಅಟ್ಟದಿಂದ ಇಳಿದು ಬರುವ ದೃಶ್ಯ ಕಣ್ಣಿಗೆ ಬಿದ್ದರೆ, ಅದರ ಹಿಂದೆಯೇ ಅಕ್ಕ ಕಿವಿಯಲ್ಲಿ ಮಾತಾಡುತ್ತಾಳೆ ಎಂದು ಆಸೆಪಟ್ಟೆ. ನನಗೆ ಬೇಕಾಗಿದ್ದದ್ದು ಅದೊಂದೇ ದೃಶ್ಯ.

ಮಾರನೆಯ ದಿನ ಮೇಡಂ ಚಿತ್ರ ಹಚ್ಚಿಕೊಟ್ಟು ಶಾಲೆಗೆ ಹೋದರು. ನಾನು ಬಾಗಿಲು ತೆರೆದಿಟ್ಟೇ ಕೂತೆ. ಈ ಸಲ ಕಣ್ಣು ಮುಚ್ಚಲಿಲ್ಲ. ಮೊದಲು ತಿಳಿದದ್ದು, ಹಳೆಯವರು ದೆವ್ವವನ್ನು ತೋರಿಸುತ್ತಿರಲಿಲ್ಲ ಎಂಬ ನನ್ನ ಇಷ್ಟು ದಿನದ ವಾದ ಶುದ್ಧ ಸುಳ್ಳು ಎಂಬುದು. ಬೇಕಾದಷ್ಟು ತೋರಿಸಿದ್ದರು. ಮುಖಕ್ಕೆ ಪೌಡರ್ ಮೆತ್ತಿಕೊಂಡು, ಕೋರೆಹಲ್ಲು ಸಿಕ್ಕಿಸಿಕೊಂಡು, ಅವಳು ಹೊತ್ತುಗಟ್ಟಲೆ ಪರದೆಯ ಮೇಲೆ ನಿಂತಿದ್ದಳು. ವಿಗ್ಗಿನ ಅಂಚು ಕೂಡ ಕಾಣುತ್ತಿತ್ತು. ನೋಡದೇ ಇದ್ದವನು ನಾನು. ಕಚೇರಿಯ ಆ ಊಟದ ಡಬ್ಬಿಗಳನ್ನು ನೆನೆದು ಒಬ್ಬನೇ ಜೋರಾಗಿ ನಕ್ಕೆ.

ಅಟ್ಟಕ್ಕಾಗಿ ಕಾಯುತ್ತಿದ್ದೆ. ಮೆಟ್ಟಿಲು ಬಂತು, ತೂಗುದೀಪ ಬಂತು, ಅಮೃತಶಿಲೆಯ ನೆಲ ಬಂತು. ಅದು ಪೇಟೆಯ ದೊಡ್ಡ ಬಂಗಲೆ. ಅಂಥ ಮನೆಯಲ್ಲಿ ಕೊಬ್ಬರಿಗೆ ಕಾಯಿ ಹಾಕುವವರು ಯಾರು? ಅಟ್ಟ ಅಕ್ಕ ಕಟ್ಟಿದ್ದು. ನಮ್ಮ ಮನೆಯದನ್ನೇ ತೆಗೆದುಕೊಂಡು ಹೋಗಿ ಆ ಬಂಗಲೆಯ ಮೇಲೆ ಇಟ್ಟಿದ್ದಳು.

ಕೊನೆಯ ಭಾಗ ಬಂತು. ಆ ದೆವ್ವ ಯಾರು ಎಂಬುದು ನನಗೆ ಗೊತ್ತೇ ಇರಲಿಲ್ಲ. ಹೊಸ ಎರಡು ಚಿತ್ರಗಳಲ್ಲಿ ಅವಳನ್ನು ಬೇರೆ ಯಾರನ್ನೋ ಮಾಡಿದ್ದರು. ಅಕ್ಕ ಹೇಳಿರಲಿಲ್ಲ. ಅವಳು ಆ ಮಗುವಿನ ಸತ್ತ ತಾಯಿ. ಮಗುವನ್ನು ನೋಡಲು ಮತ್ತೆ ಮತ್ತೆ ಮನೆಗೆ ಬರುತ್ತಿದ್ದಾಳೆ. ಗಂಡನೇ ಮಂತ್ರವಾದಿಯನ್ನು ಕರೆಸಿದ್ದಾನೆ. ಆ ಮಂತ್ರವಾದಿ ಅವಳನ್ನು ಕೂದಲು ಹಿಡಿದು ಹೊಸ್ತಿಲಿನಿಂದ ಆಚೆಗೆ, ಹುಣಸೆಮರದ ಬುಡಕ್ಕೆ ಎಳೆದುಕೊಂಡು ಹೋಗುತ್ತಾನೆ. ಒಂದು ಸಲ ಮಗುವಿನ ಮುಖ ತೋರಿಸಿ ಎಂದು ಅವಳು ಬೇಡುತ್ತಾಳೆ, ಮಗನನ್ನು ಕೂಗುತ್ತಾಳೆ. ಮೊಳೆ ಹೊಡೆಯುವವರೆಗೂ ಕೂಗುತ್ತಾಳೆ. ಹೊಡೆದ ಮೇಲೂ ಸ್ವಲ್ಪ ಹೊತ್ತು ಆ ಕೂಗು ನಿಲ್ಲುವುದಿಲ್ಲ. ಒಳಗೆ ಮಗು ಮಲಗಿದೆ. ಮೈಮೇಲಿನ ಕಂಬಳಿ ಜಾರಿ ನೆಲಕ್ಕೆ ಬಿದ್ದಿದೆ. ಯಾರೂ ಬಂದು ಹೊದಿಸುವುದಿಲ್ಲ. ಬೆಳಗಾಗುತ್ತದೆ, ಮಗು ಅಪ್ಪನ ಕೈ ಹಿಡಿದು ನಡೆಯುತ್ತದೆ.

ಅಕ್ಕನ ದನಿಗಾಗಿ ಕಿವಿಗೊಟ್ಟೆ. ಬರಲಿಲ್ಲ. ಚಿತ್ರ ಮುಗಿದು ಟಿವಿ ತಾನಾಗಿಯೇ ಬೇರೆ ಯಾವುದೋ ಚಿತ್ರ ಹಾಕಲೇ ಎಂದು ಕೇಳುತ್ತಿತ್ತು, ಬೀದಿಯಲ್ಲಿ ಪ್ರವಾಸಿಗಳ ಬಸ್ಸು ಹಾರನ್ ಮಾಡುತ್ತಿತ್ತು. ನನಗೆ ಅಳು ತಡೆಯಲಾಗಲಿಲ್ಲ. ಅಷ್ಟು ದೊಡ್ಡ ಕೂಗನ್ನು ಈ ವಯಸ್ಸಿನಲ್ಲಿ ಮೊದಲ ಸಲ ಕೇಳುತ್ತಿದ್ದೆ. ಅವತ್ತು ಅರಸೀಕೆರೆಯ ಟಾಕೀಸಿನಲ್ಲಿ ಅದನ್ನು ಕೇಳದೇ ಇದ್ದವನು ನಾನೊಬ್ಬನೇ. ಅವ್ವನನ್ನು ಆಚೆಗೆ ಕಳಿಸಿ ಆಗಷ್ಟೇ ವರ್ಷ ತುಂಬಿತ್ತು. ಹದಿನಾಲ್ಕರ ಅಕ್ಕ ಕಣ್ಣು ಬಿಟ್ಟುಕೊಂಡು ಅದೆಲ್ಲವನ್ನೂ ನೋಡಿದಳು, ನೋಡುತ್ತಲೇ ನನಗೆ ಬೇರೆ ಕಥೆ ಹೇಳಿದಳು. ಆ ಕೂಗು ಕೇಳಿಸದ ಹಾಗೆ ಕಿವಿ ಮುಚ್ಚಿಕೊಳ್ಳಲು ಅವಳಿಗೆ ಸಾಧ್ಯವಿರಲಿಲ್ಲ. ಅವಳ ಎರಡೂ ಕೈಗಳು ನನ್ನ ಕಿವಿಯ ಮೇಲಿದ್ದವು.