ಡಿಪಾರ್ಟ್‌ಮೆಂಟ್ ನೋಡಲು ಬಂದ ಅಮ್ಮ

ಮೂಳೆ ಸರ್ಜನ್ ಆಗುತ್ತೇನೆ ಅಂತ ಹೇಳಿದ ದಿನ ಅಮ್ಮ ಕೇಳಿದ ಮೊದಲ ಪ್ರಶ್ನೆ, ಟ್ರೈನಿಂಗ್ ಎಷ್ಟು ವರ್ಷ ಅನ್ನುವುದು. ಆರು ವರ್ಷ ಅಂದೆ. ಹುಣಸೆಹಣ್ಣು ಕಿವುಚುತ್ತಿದ್ದ ಕೈ ಅಲ್ಲೇ ನಿಂತಿತು.

"ಆರು ವರ್ಷ ಒಂದೇ ಜಾಗದಲ್ಲಿ ಬಾಳಬೇಕು ಅಂದ್ರೆ ಅದು ಸಂಬಂಧ ಕಣೇ. ಮನೆ ನೋಡ್ದೆ ಹೆಣ್ಣು ಕೊಡಕ್ಕಾಗತ್ತಾ?"

ಅಮ್ಮನಿಗೆ ನೋಡುವುದು ಅಂದರೆ ಹೇಳದೆ ಕೇಳದೆ ಹೋಗಿ ನೋಡುವುದು. ನನ್ನನ್ನು ಸಂಗೀತಕ್ಕೆ ಸೇರಿಸುವ ಮುಂಚೆ ಕ್ಲೆಮೆಂಟಿಯಲ್ಲಿದ್ದ ಟೀಚರ್ ಆಂಟಿ ಮನೆಗೆ ಹೋಗಿ, ಕುಡಿಯಲು ನೀರು ಕೇಳಿ, ಆ ನೆಪದಲ್ಲಿ ಅಡುಗೆಮನೆಗೆ ನುಗ್ಗಿ, ಆಂಟಿ ಕೆಲಸದವಳ ಜೊತೆ ಹೇಗೆ ಮಾತಾಡುತ್ತಾರೆ ಅಂತ ಕೇಳಿಸಿಕೊಂಡು ಬಂದಿದ್ದಳು. ಮೈಸೂರಿನಲ್ಲಿ ನನ್ನ ಅಜ್ಜಿ ಗಂಡು ನೋಡಲು ಹೋದಾಗ ಮಾಡುತ್ತಿದ್ದ ಕೆಲಸವನ್ನೇ ಇವಳು ಸಿಂಗಪುರದಲ್ಲಿ ಮುಂದುವರಿಸಿದ್ದಳು. "ಒಂದಿನ ನಿಮ್ಮ ಆಸ್ಪತ್ರೆಗೂ ಬಂದು ನೋಡ್ತೀನಿ" ಅಂತ ಆಗಾಗ ಹೆದರಿಸುತ್ತಿದ್ದಳು. ದಮ್ಮಯ್ಯ, ಬರಬೇಡ ಅಂತ ನಾನು ಕೈ ಮುಗಿಯುತ್ತಿದ್ದೆ.

ನಾನೂ ನೋಡಲಿಕ್ಕೇ ಹೋಗುತ್ತಿದ್ದದ್ದು. ಮೆಡಿಕಲ್ ಕೊನೆಯ ವರ್ಷದಲ್ಲಿ ನಮ್ಮನ್ನು ಒಂದೊಂದು ವಿಭಾಗಕ್ಕೆ ಕೆಲವು ವಾರ ಕಳಿಸುತ್ತಾರೆ. ಅವರು ನಮ್ಮನ್ನು ತೂಗುತ್ತಾರೆ, ನಾವು ಅವರನ್ನು ತೂಗುತ್ತೇವೆ, ಇಬ್ಬರೂ ತೂಗುತ್ತಲೇ ಇಲ್ಲ ಅನ್ನುವ ಮುಖ ಹಾಕಿಕೊಂಡಿರುತ್ತೇವೆ. ತರಬೇತಿಯಲ್ಲಿರುವ ರೆಸಿಡೆಂಟ್ ಡಾಕ್ಟರುಗಳ ಕೈಗೆ ನಿಜವಾಗಿ ಚಾಕು ಕೊಡುತ್ತಾರೋ ಅಥವಾ ವರ್ಷಗಟ್ಟಲೆ ಪೇಷೆಂಟಿನ ಕಾಲು ಹಿಡಿಸಿ ನಿಲ್ಲಿಸುತ್ತಾರೋ, ದೊಡ್ಡ ಡಾಕ್ಟರುಗಳು ಕಿರುಚುತ್ತಾರೋ, ಸುತ್ತಿಗೆ ಹಿಡಿಯುವ ಈ ಕೆಲಸಕ್ಕೆ ಹುಡುಗಿಯರನ್ನು ಮನಸಾರೆ ತೆಗೆದುಕೊಳ್ಳುತ್ತಾರೋ, ಇಷ್ಟು ನನಗೆ ಗೊತ್ತಾಗಬೇಕಿತ್ತು. ರೆಸಿಡೆಂಟ್‌ಗಳನ್ನು ಕೇಳಿದರೆ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಉತ್ತರ ಬರುತ್ತಿತ್ತು. ಆದರೆ ಕಣ್ಣಿಗೆ ಕಂಡದ್ದೆಲ್ಲ ಚೆನ್ನಾಗಿತ್ತು. ಮೂರನೆಯ ವಾರಕ್ಕೆ ನಾನು ಮನಸೋತಿದ್ದೆ, ಸೇರಿದರೆ ಇಲ್ಲೇ ಸೇರಬೇಕು. ಸೀಟುಗಳು ಕಮ್ಮಿ. ವಿಭಾಗದ ಮುಖ್ಯಸ್ಥರು, ನಾವೆಲ್ಲ ಪ್ರೊಫ್ ಅನ್ನುತ್ತಿದ್ದವರು, ಒಂದು ಒಳ್ಳೆಯ ಮಾತು ಹೇಳಿದರೆ ಇಂಟರ್‌ವ್ಯೂ ಅರ್ಧ ಗೆದ್ದ ಹಾಗೆ. ಆ ಮಾತಿಗಾಗಿ ಬೆಳಗಿನಿಂದ ಸಂಜೆಯವರೆಗೆ ಅವರ ಬೆನ್ನಿಗೆ ಅಂಟಿಕೊಂಡಿದ್ದೆ. ಮನೆಯಲ್ಲಿ ಯಾರು ಎದ್ದರು, ಯಾರು ಮಲಗಿದರು ನನಗೆ ತಿಳಿಯುತ್ತಿರಲಿಲ್ಲ.

ಅವತ್ತು ಪ್ರೊಫ್ ಅವರ ಕ್ಲಿನಿಕ್. ನಾನು ಮಾಸ್ಕ್ ಹಾಕಿಕೊಂಡು ಅವರ ಕುರ್ಚಿಯ ಹಿಂದೆ ನಿಂತಿದ್ದೆ. ನರ್ಸ್ ಮುಂದಿನ ನಂಬರ್ ಕರೆದರು. ಬಾಗಿಲು ತೆರೆದುಕೊಂಡು ಅಮ್ಮ ಒಳಗೆ ಬಂದಳು. ದೇವಸ್ಥಾನಕ್ಕೆ ಹಾಕುವ ಚೂಡಿದಾರ್ ಹಾಕಿದ್ದಳು.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬಂದೇಬಿಟ್ಟಳು! ನೀರು ಕೇಳಿಕೊಂಡು ಆಪರೇಷನ್ ಥಿಯೇಟರಿಗೂ ನುಗ್ಗುತ್ತಾಳೆ ಇವಳು. ಇವರು ನನ್ನ ತಾಯಿ ಅಂತ ಆಗಲೇ ಒಂದು ಮಾತು ಅಂದಿದ್ದರೆ ಮುಗಿದುಹೋಗುತ್ತಿತ್ತು. ಅನ್ನಲಿಲ್ಲ. ಸೀಟು ಕೇಳಲು ಅಮ್ಮನನ್ನು ಕರೆಸಿದ ಹುಡುಗಿ ಅಂತ ಬೆನ್ನ ಹಿಂದೆ ನಗುತ್ತಾರೆ ಅಂತ ಹೆದರಿದೆ. ಹೆಸರಿನಿಂದ ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ. ನಮ್ಮಲ್ಲಿ ಹೆಸರಿನ ಮುಂದೆ ಇನಿಷಿಯಲ್ ಇರುತ್ತದೆಯೇ ಹೊರತು ಮನೆಮಂದಿಗೆಲ್ಲ ಒಂದೇ ಹೆಸರು ಅಂತ ಇರುವುದಿಲ್ಲ, ಅಮ್ಮನ ಕಾರ್ಡಿಗೂ ನನ್ನ ಬ್ಯಾಡ್ಜಿಗೂ ತಾಳೆಯೇ ಆಗುವುದಿಲ್ಲ. ಅಮ್ಮ ಒಮ್ಮೆ ನನ್ನ ಕಣ್ಣು ನೋಡಿದಳು, ಅರ್ಥ ಮಾಡಿಕೊಂಡಳು. "ಗುಡ್ ಮಾರ್ನಿಂಗ್ ಡಾಕ್ಟರ್" ಅಂತ ನಮ್ಮಿಬ್ಬರಿಗೂ ಸೇರಿಸಿ ಹೇಳಿದಳು.

ಪ್ರೊಫ್ ಅವಳನ್ನು ಕೂರಿಸಿ, ಎಲ್ಲಿಂದ ಬಂದಿರಿ, ಯಾವ ಭಾಷೆ ಅಂತ ಇಂಗ್ಲಿಷಿನಲ್ಲಿ ವಿಚಾರಿಸಿ, ನನ್ನ ಕಡೆ ತಿರುಗಿದರು. "ನಿಮಗೆ ಕನ್ನಡ ಬರುತ್ತದಲ್ಲ? ಹಾಗಾದರೆ ಈ ಪೇಷೆಂಟ್ ನಿಮ್ಮವರು. ಮಾತಾಡಿಸಿ, ಪರೀಕ್ಷೆ ಮಾಡಿ, ಆಮೇಲೆ ನನಗೆ ವಿವರಿಸಿ."

ವಾರಗಟ್ಟಲೆ ಕಾದಿದ್ದ ಅವಕಾಶ ಹೀಗೆ ಬಂತು. ನಾನು ಅಮ್ಮನ ಎದುರು ಸ್ಟೂಲ್ ಎಳೆದುಕೊಂಡು, ಪೇಷೆಂಟುಗಳಿಗೆಂದೇ ಇಟ್ಟುಕೊಂಡಿದ್ದ ಮೃದುವಾದ ದನಿಯಲ್ಲಿ, ಅಲ್ಲಿ ಬೇರೆ ಯಾರಿಗೂ ಬಾರದ ಕನ್ನಡದಲ್ಲಿ ಕೇಳಿದೆ: "ಏನಮ್ಮಾ ಇದು? ಬರ್ಬೇಡ ಅಂತ ಎಷ್ಟು ಸಲ ಹೇಳಿದ್ದೆ?"

ಅಮ್ಮನೂ ನೋವು ಹೇಳಿಕೊಳ್ಳುವವಳ ಹಾಗೆ ಮುಖ ಮಾಡಿಕೊಂಡು ಉತ್ತರ ಕೊಟ್ಟಳು. "ನೋಡ್ಕೊಂಡು ಹೋಗೋಣ ಅಂತ ಬಂದೆ. ಮನುಷ್ಯ ಒಳ್ಳೆಯವ್ರ ಥರ ಕಾಣ್ತಾರೆ. ಕಂಪ್ಯೂಟರ್ ಬಿಟ್ಟು ನನ್ ಮುಖ ನೋಡಿ ಮಾತಾಡಿಸಿದ್ರು. ನರ್ಸ್‌ಗೂ ಥ್ಯಾಂಕ್ಸ್ ಅಂದ್ರು."

"ಎಲ್ಲಿ ನೋವು ಅಂತ ಹೇಳ್ಬೇಕು ಅವ್ರಿಗೆ? ಬೇಗ ಹೇಳು."

"ಬಲಗಡೆ ಮಂಡಿ ಅಂತ ಹೇಳು."

ನಾಟಕಕ್ಕೆ ಒಳ್ಳೆಯ ಕಾಯಿಲೆ ಆರಿಸಿಕೊಂಡಿದ್ದಾಳೆ ಅಂದುಕೊಂಡೆ. ಪರೀಕ್ಷೆಯ ಮಂಚ ಹತ್ತು ಅಂದೆ. ಅವಳು ಮೊದಲು ಎಡಗಾಲು ಮೇಲಿಟ್ಟು, ಬಲಗಾಲನ್ನು ಎರಡೂ ಕೈಯಲ್ಲಿ ಹಿಡಿದು ಎತ್ತಿ ಇಟ್ಟುಕೊಂಡಳು.

"ಇಷ್ಟೊಂದು ಆಕ್ಟಿಂಗ್ ಬೇಡಮ್ಮ" ಅಂದೆ.

ಬಟ್ಟೆ ಮೇಲಕ್ಕೆ ಸರಿಸಿ ಮಂಡಿಯ ಮೇಲೆ ಕೈ ಇಟ್ಟೆ. ಊದಿಕೊಂಡಿತ್ತು, ಬಿಸಿಯಾಗಿತ್ತು. ಕಾಲು ಪೂರ್ತಿ ನೇರ ಆಗುತ್ತಿರಲಿಲ್ಲ, ಮಂಡಿಯ ಕೆಳಗೆ ನನ್ನ ಕೈ ಸಲೀಸಾಗಿ ತೂರುತ್ತಿತ್ತು. ಮಡಿಸಲು ಹೋದರೆ ಅಂಗೈಯಡಿಯಲ್ಲಿ ಬೀಸುವ ಕಲ್ಲಿನ ಹಾಗೆ ಗರಗರ ಅಂದಿತು. ಬಲತೊಡೆ ಎಡತೊಡೆಗಿಂತ ಸಣ್ಣದಾಗಿತ್ತು. ಇದನ್ನೆಲ್ಲ ಯಾರೂ ಆಕ್ಟಿಂಗ್ ಮಾಡಲಾರರು. ಪ್ರೊಫ್ ಎಕ್ಸ್‌ರೇ ತೆರೆದರು. ಮೂಳೆಗೆ ಮೂಳೆ ಅಂಟಿಕೊಂಡು ಕೂತಿತ್ತು. ನಮ್ಮ ಏರಿಯಾದ ಸರ್ಕಾರಿ ಪಾಲಿಕ್ಲಿನಿಕ್‌ನವರು ಅವಳನ್ನು ಇಲ್ಲಿಗೆ ಕಳಿಸಿದ ತಾರೀಖೂ ಪರದೆಯ ಮೇಲಿತ್ತು. ನನ್ನ ಪೋಸ್ಟಿಂಗ್ ಎಲ್ಲಿ ಬೀಳುತ್ತದೆ ಅಂತ ನನಗೇ ಗೊತ್ತಾಗುವ ಮುಂಚಿನ ತಾರೀಖು ಅದು. ಅಮ್ಮ ಡಿಪಾರ್ಟ್‌ಮೆಂಟ್ ನೋಡಲು ಬಂದಿರಲಿಲ್ಲ, ನೋವಿಗೆ ಬಂದಿದ್ದಳು.

"ಎಷ್ಟು ದಿನದಿಂದ ಅಮ್ಮ?"

"ಮೂರು ವರ್ಷ ಆಗಿರ್ಬೇಕು. ನೀನು ಓದ್ತಿದ್ದೆ."

ಮೂರು ವರ್ಷ ಅದೇ ಮನೆಯಲ್ಲಿ, ಅವಳು ಮಾಡಿದ್ದು ತಿಂದುಕೊಂಡು, ನಾನು ಮಂಡಿಯ ಬಗ್ಗೆ ಓದುತ್ತಿದ್ದೆ. ರಸ್ತೆ ದಾಟುವ ಓವರ್‌ಹೆಡ್ ಬ್ರಿಡ್ಜ್ ಹತ್ತಿರ ಬಂದಾಗಲೆಲ್ಲ ಅಮ್ಮ, "ನೀನು ಮುಂದೆ ಹೋಗಿರು, ನಾನು ಸ್ವಲ್ಪ ಸೊಪ್ಪು ತಗೊಂಡು ಬರ್ತೀನಿ" ಅನ್ನುತ್ತಿದ್ದಳು. ಒಂದೊಂದೇ ಮೆಟ್ಟಿಲು ಅಡ್ಡಡ್ಡ ಇಳಿಯುವುದನ್ನು ನಾನು ನೋಡದಿರಲಿ ಅಂತ. ನಾನು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮುಂದೆ ಹೋಗುತ್ತಿದ್ದೆ. ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ನನ್ನಂಥವರನ್ನು ನೋಡಿಯೇ ಹೇಳಿರಬೇಕು. ನಾಚಿಕೆಯಿಂದ ಮಾಸ್ಕಿನೊಳಗೆ ಮುಖ ಉರಿಯುತ್ತಿತ್ತು.

"ಮನೆಯಲ್ಲಿ ಸಹಾಯಕ್ಕೆ ಯಾರಿದ್ದಾರೆ ಅಂತ ಕೇಳಿ" ಅಂದರು ಪ್ರೊಫ್. "ಆಪರೇಷನ್ ಆದ ಮೇಲೆ ಅದೇ ಮುಖ್ಯ."

ನಾನು ಕೇಳುವ ಮುಂಚೆ ಅಮ್ಮ ಇಂಗ್ಲಿಷಿನಲ್ಲಿ ನೇರವಾಗಿ ಅವರಿಗೇ ಹೇಳಿದಳು. ಒಬ್ಬಳು ಮಗಳಿದ್ದಾಳೆ ಡಾಕ್ಟರ್. ಮಾರ್ಕೆಟ್ಟು, ಅಡುಗೆ, ಬಟ್ಟೆ ಎಲ್ಲ ಅವಳೇ. ನನಗೆ ಒಂದು ಬಕೆಟ್ ಎತ್ತಲೂ ಬಿಡುವುದಿಲ್ಲ.

ಆ ಹೊತ್ತಿಗೆ ನನ್ನ ಬ್ಯಾಗಿನಲ್ಲಿ ಅವಳು ಬೆಳಗಾಗುವ ಮುಂಚೆ ಎದ್ದು ಮಾಡಿದ್ದ ಚಿತ್ರಾನ್ನದ ಡಬ್ಬಿ ಇತ್ತು. ಮೈಮೇಲಿದ್ದ ಶರ್ಟಿಗೆ ಅವಳೇ ನಿಂತು ಇಸ್ತ್ರಿ ಮಾಡಿದ್ದಳು.

ನಾನು ಎದ್ದು ನಿಂತು ವಿವರಿಸಿದೆ. ಒಂದು ಕಡೆಯೂ ತಡವರಿಸಲಿಲ್ಲ. ನೋವು, ಊತ, ಸವೆತ, ಎಲ್ಲವನ್ನೂ ಪುಸ್ತಕದಲ್ಲಿದ್ದ ಕ್ರಮದಲ್ಲೇ ಹೇಳಿ, ಈಕೆಗೆ ಮನೆಯಲ್ಲಿ ಒಳ್ಳೆಯ ಆಸರೆ ಇದೆ ಅಂತ ಮುಗಿಸಿದೆ. ನಮ್ಮ ರೆಸಿಡೆಂಟ್‌ಗಳೂ ಇಷ್ಟು ಅಚ್ಚುಕಟ್ಟಾಗಿ ಹೇಳುವುದಿಲ್ಲ ಅಂದರು ಪ್ರೊಫ್. ನಾಚಿಕೆಯ ನಡುವೆಯೂ ಖುಷಿಯಾಯಿತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

"ಕೊನೆಯ ಪ್ರಶ್ನೆ" ಅಂದರು ಅವರು. "ನೀವು ನಮ್ಮ ವಿಭಾಗವನ್ನು ಇಷ್ಟು ದಿನ ನೋಡಿದ್ದೀರಿ. ಇವರು ನಿಮ್ಮ ತಾಯಿ ಆಗಿದ್ದರೆ, ಮಂಡಿ ಬದಲಾಯಿಸಲು ನಮ್ಮ ಕೈಗೆ ಒಪ್ಪಿಸುತ್ತಿದ್ದಿರಾ?"

ವಿದ್ಯಾರ್ಥಿಗಳಿಗೆಲ್ಲ ಅವರು ಕೇಳುವ ಪ್ರಶ್ನೆ ಅದು. ಹೌದು ಪ್ರೊಫ್ ಅಂದಿದ್ದರೆ ಸಾಕಿತ್ತು. ಅಮ್ಮ ಮಂಚದ ಅಂಚಿನಲ್ಲಿ ಕೂತು, ಕಾಲು ಇಳಿಬಿಟ್ಟು, ನನ್ನನ್ನೇ ನೋಡುತ್ತಿದ್ದಳು. ಪರೀಕ್ಷೆ ಬರೆಯುವ ಮಗುವಿನ ಕಡೆ ನೋಡುವ ಹಾಗೆ, ಹೇಳು ಹೇಳು ಅನ್ನುವ ಮುಖದಲ್ಲಿ.

"ಇವರು ನನ್ನ ತಾಯಿಯೇ, ಪ್ರೊಫ್" ಅಂದೆ.

ನರ್ಸ್ ಟೈಪ್ ಮಾಡುವುದನ್ನು ನಿಲ್ಲಿಸಿದರು. ಪ್ರೊಫ್ ನನ್ನನ್ನೂ ಅಮ್ಮನನ್ನೂ ನೋಡಿದರು. ಬೈಯುತ್ತಾರೆ ಅಂತ ಕಾದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿದ್ದೆ.

"ಹಾಗಾದರೆ ಮನೆಯ ಕೆಲಸವನ್ನೆಲ್ಲ ಮಾಡುವ ಆ ಮಗಳು ನೀವೇ?"

ಉಳಿದದ್ದನ್ನೂ ಹೇಳಿಬಿಡಬೇಕಾದ ಗಳಿಗೆ ಅದು. ಬಾಯಿ ತೆರೆದೆ. ಅಷ್ಟರಲ್ಲಿ ಅಮ್ಮ, "ಯೆಸ್ ಡಾಕ್ಟರ್, ದಿಸ್ ಗರ್ಲ್ ಓನ್ಲಿ. ಹೇಳ್ಕೊಳ್ಳೋಕೆ ಅವಳಿಗೆ ನಾಚಿಕೆ" ಅಂದು, ಕೊನೆಯ ಮಾತನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಿದಳು.

ಪ್ರೊಫ್ ಎದ್ದು ನನ್ನ ಭುಜ ತಟ್ಟಿದರು. "ಚೆನ್ನಾಗಿ ಓದಿದವರು ಬೇಕಾದಷ್ಟು ಜನ ಬರುತ್ತಾರೆ. ನಮಗೆ ಇಂಥವರು ಬೇಕು. ಇಂಟರ್‌ವ್ಯೂಗೆ ಬನ್ನಿ, ನಾನು ಹೇಳಿರುತ್ತೇನೆ." ಆ ಮಾತಿಗಾಗಿ ಹಗಲೂ ರಾತ್ರಿ ಹಂಬಲಿಸಿದ್ದೆ. ಥ್ಯಾಂಕ್ಯೂ ಪ್ರೊಫ್ ಅಂದೆ. ಅಮ್ಮನ ಸುಳ್ಳನ್ನು ತಿದ್ದಲಿಲ್ಲ. ಇವತ್ತಿನ ಕ್ಲಿನಿಕ್ ಸಾಕು, ತಾಯಿಯನ್ನು ಮನೆಗೆ ಕರೆದುಕೊಂಡು ಹೋಗಿ ಅಂತ ಅವರೇ ಕಳಿಸಿಕೊಟ್ಟರು.

ಬುಕಿತ್ ಪಂಜಾಂಗ್‌ಗೆ ಬಂದು ನಮ್ಮ ಬ್ಲಾಕಿನ ಕಡೆ ಹೋಗುವ ಎಲ್‌ಆರ್‌ಟಿ ರೈಲು ಹತ್ತಿದೆವು. ಅಮ್ಮನಿಗೆ ಸೀಟು ಸಿಕ್ಕಿತು. ಕಂಬ ಹಿಡಿದು, ಕಾಲು ಮುಂದೆ ಚಾಚಿ, ಮೆಲ್ಲಗೆ ಕೂತಳು. ಹಾಗೇ ಕೂರುವುದು ಅವಳ ರೂಢಿ ಅಂತ ಆವತ್ತಿನವರೆಗೆ ನನಗೆ ಗೊತ್ತಿರಲಿಲ್ಲ.

"ಒಳ್ಳೇ ಜಾಗ ಕಣೇ. ಕಣ್ಮುಚ್ಕೊಂಡು ಸೇರ್ಕೋ" ಅಂದಳು.

"ಆಪರೇಷನ್ ಯಾವಾಗ ಅಂದ್ರು?"

"ಬೇಗ್ನೇ ಡೇಟ್ ಕೊಡ್ತೀವಿ ಅಂದ್ರು ನರ್ಸ್. ನಾನೇ ಮುಂದಕ್ಕೆ ಹಾಕಿಸ್ದೆ. ನಿನ್ ಎಕ್ಸಾಮು, ಇಂಟರ್‌ವ್ಯೂ ಎಲ್ಲ ಮುಗೀಲಿ. ಈಗ ನಾನು ಮಲಗಿಬಿಟ್ರೆ ನಿನ್ ಊಟಕ್ಕೇನ್ ಗತಿ?"

ಬೇಡಮ್ಮ, ಈಗಲೇ ಮಾಡಿಸಿಕೋ ಅನ್ನುವ ಮಾತು ಗಂಟಲಿನವರೆಗೆ ಬಂತು ಅಂತ ಬರೆದರೆ ಸುಳ್ಳಾಗುತ್ತದೆ. ಮೊದಲು ಬಂದದ್ದು ನೆಮ್ಮದಿ. ಸದ್ಯ, ಪರೀಕ್ಷೆಯವರೆಗೆ ನನ್ನ ದಿನಗಳು ಏರುಪೇರಾಗುವುದಿಲ್ಲ ಅಂತ. ಆ ನೆಮ್ಮದಿ ನನ್ನದೇ ಅಂತ ಗೊತ್ತಾದಾಗ ಅವಳ ಮುಖ ನೋಡಲಾಗದೆ ಹೊರಗೆ ತಿರುಗಿದೆ. ಫ್ಲಾಟುಗಳ ಪಕ್ಕ ಹಾಯುವಾಗ ಆ ಗಾಡಿಯ ಕಿಟಕಿಗಳು ತಾವೇ ಮಬ್ಬಾಗುತ್ತವೆ, ಜನ ಬೇರೆಯವರ ಮನೆಯೊಳಗೆ ಇಣುಕದಿರಲಿ ಅಂತ. ನೋಡಲು ಏನೂ ಇರಲಿಲ್ಲ.

"ಸುಸ್ತಾಗಿದೀಯ ನೀನು" ಅಂದಳು ಅಮ್ಮ. "ರಾತ್ರಿಗೆ ಏನ್ ಮಾಡ್ಲಿ?"

ಬಾಯಿ ತನ್ನ ರೂಢಿಯಂತೆ ಉತ್ತರ ಕೊಟ್ಟಿತು. ಚಪಾತಿ ಸಾಕು ಅಂದೆ.