ಕೆಮ್ಮುವ ಸಿಪಾಯಿ

ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳು ಮೊಣಕೈವರೆಗೆ ರಬ್ಬರ್ ಗವಸು ಹಾಕಿಕೊಂಡು, ಶಸ್ತ್ರಚಿಕಿತ್ಸೆಯ ಕೋಣೆಯಿಂದ ಬಂದ ಹಾಸುಗಳನ್ನು ವಿಂಗಡಿಸುತ್ತಿದ್ದಳು. ರಕ್ತವಾದವು ತಣ್ಣೀರಿನ ತೊಟ್ಟಿಗೆ, ಕೀವು ಮೆತ್ತಿದವು ಕೆಂಪು ಚೀಲಕ್ಕೆ, ಬರೀ ಬೆವರಿನವು ನೇರವಾಗಿ ಯಂತ್ರಕ್ಕೆ. ಬಿಸಿನೀರು ತಾಗಿದರೆ ರಕ್ತ ನೂಲಿಗೆ ಕಚ್ಚಿಕೊಂಡುಬಿಡುತ್ತದೆ. ಹೊಸದಾಗಿ ಸೇರಿದವರಿಗೆ ಅವಳು ಕಲಿಸುವ ಮೊದಲ ಪಾಠ ಅದು. ಎರಡನೆಯದು, ಮೂಗು ಮುರಿಯಬಾರದು ಎಂಬುದು. ಯಾರದೋ ಮೈಯಿಂದ ಬಂದದ್ದು, ಅವರೇನು ಬೇಕೆಂದು ಮಾಡಿದ್ದಲ್ಲ ಎನ್ನುತ್ತಿದ್ದಳು.

ಆ ದಿನ ಅವಳಿಗೆ ವಾಕರಿಕೆ ಬಂದದ್ದು ಫೋನಿನಿಂದ.

ಫೋನಿನೊಳಗೆ ಅವಳ ಆಟವಿತ್ತು. ವರ್ಷದಿಂದ ಒಂದೊಂದೇ ನಿಯಮ ಕೂಡಿಸಿ ಕಟ್ಟಿದ ಆಟ. ನಾಲ್ವರು ಆಟಗಾರರು, ನಾಲ್ವರೂ ಪುರಾತನ ರೋಮಿನ ದಂಡನಾಯಕರು. ಗಡಿಯ ಒಂದು ಕೋಟೆಯನ್ನು ಚಳಿಗಾಲ ಮುಗಿಯುವವರೆಗೆ ಎಲ್ಲರೂ ಸೇರಿ ಉಳಿಸಿಕೊಳ್ಳಬೇಕು. ಒಬ್ಬನೇ ಗೆಲ್ಲುವ ದಾರಿಯೇ ಇಲ್ಲ. ಉಳಿದರೆ ಎಲ್ಲರೂ, ಮುಳುಗಿದರೆ ಎಲ್ಲರೂ. ಒಬ್ಬರು ಒಂದಿಷ್ಟು ಕತೆ ಬರೆದು ಹಾಕಬೇಕು, ಮುಂದಿನದನ್ನು ಇನ್ನೊಬ್ಬರು ಎತ್ತಿಕೊಳ್ಳಬೇಕು. ಅವಳು ಇದನ್ನು ಶುರು ಮಾಡಿದ್ದು ತಮ್ಮನಿಗಾಗಿ. ಅವನು ಬೇರೆ ಊರಿನಲ್ಲಿ ಲಿಫ್ಟ್ ರಿಪೇರಿ ಮಾಡುತ್ತಿದ್ದ. ಚಿಕ್ಕಂದಿನಲ್ಲಿ ಇಬ್ಬರೂ ದಿಂಬು ಪೇರಿಸಿ ಕೋಟೆ ಕಟ್ಟಿದವರು, ಈಗ ಇಬ್ಬರ ಮಾತು "ಆರಾಮಾ?", "ಆರಾಮು" ಎಂಬಲ್ಲಿಗೆ ಬಂದು ನಿಂತಿತ್ತು. ಮಾತಿಗೊಂದು ನೆಪ ಬೇಕಿತ್ತು.

ಮೊದಲ ದಿನದ ಮಾತುಕತೆ ಚೆನ್ನಾಗಿಯೇ ನಡೆದಿತ್ತು. ನಾಲ್ವರೂ ಫೋನಿನಲ್ಲಿದ್ದರು. ಬೀದಿ ಕೊನೆಯ ಔಷಧಿ ಅಂಗಡಿಯವನು ಬಂದವನೇ, "ನಂಗೆ ಆನೆ ಬೇಕು" ಎಂದ.

"ಗಡಿ ಕೋಟೇಲಿ ಆನೆಗೆ ಏನು ಹಾಕ್ತೀರಿ? ನಿಮ್ಮಂಗಡಿ ಗುಳಿಗೇನಾ?" ಎಂದಳು ಅವಳು. "ಅದಿರ್ಲಿ, ಧಾನ್ಯದ ಗಾಡಿ ಯಾರು ನೋಡ್ಕೋತೀರಿ?"

ಮಾತು ಮತ್ತೆ ಆನೆಗೇ ಹೋಯಿತು. ಕೊನೆಗೆ ಅವಳು ದಿನಾ ಕೆಲಸಕ್ಕೆ ಹೋಗುವ ಬಸ್ಸಿನ ಚಾಲಕ, "ನಾನು ನೋಡ್ಕೋತೀನಿ ಬಿಡಿ. ಹೊತ್ತಿಗೆ ಸರಿಯಾಗಿ ತಲುಪಿಸೋದು ನಂಗೆ ಅಭ್ಯಾಸ" ಎಂದ.

"ಹೊತ್ತಿಗೆ ಸರಿಯಾಗಾ? ನಿಮ್ಮ ಬಸ್ಸಿಗೆ ಕಾದೂ ಕಾದೂ ನನ್ನ ತಲೆ ಬೋಳಾಯ್ತಲ್ರೀ" ಎಂದ ಔಷಧಿ ಅಂಗಡಿಯವನು.

ತಮ್ಮ ಮಾತ್ರ ಕೆಲಸದ ಪ್ರಶ್ನೆ ಕೇಳಿದ. "ಅಕ್ಕಾ, ನಡುವೆ ಜನ ಬಿಟ್ಟುಹೋದ್ರೆ? ಕಡೇಪಕ್ಷ ಎಷ್ಟು ಜನ ಇದ್ರೆ ಆಟ ನಡೆಯುತ್ತೆ?" ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿ ಉತ್ತರ ಹೇಳಿದ್ದಳು. ಔಷಧಿ ಅಂಗಡಿಯವನೂ ತಮ್ಮನೂ ಬಿದ್ದು ಬಿದ್ದು ನಕ್ಕಿದ್ದರು.

ಅವಳು ಮಾಡಿದ ನಿಯಮಗಳಲ್ಲಿ ಮೂರು ಇಲ್ಲಿಗೆ ಮುಖ್ಯ. ಸಿಪಾಯಿಗಳು ಬರೀ ಸಂಖ್ಯೆಯಾಗಬಾರದೆಂದು, ಪ್ರತಿಯೊಬ್ಬ ಸಿಪಾಯಿಗೂ ತಮಗೆ ಗೊತ್ತಿರುವವರ ಒಂದು ಅಭ್ಯಾಸ ಅಂಟಿಸಬೇಕು ಎಂದಿದ್ದಳು. ತನ್ನ ಒಬ್ಬ ಸಿಪಾಯಿಗೆ ಮಾವನ, ಅಂದರೆ ಗಂಡನ ತಂದೆಯ, ಅಭ್ಯಾಸ ಕೊಟ್ಟಳು: ಯಾವ ಕೋಣೆಗೆ ಹೋಗುವ ಮುಂಚೆಯೂ, ಒಳಗಿದ್ದವರಿಗೆ ಮುಜುಗರವಾಗದಿರಲೆಂದು, ಬಾಗಿಲಲ್ಲಿ ಕೆಮ್ಮುವುದು. ಎರಡನೆಯದು ಶಿಕ್ಷೆ. ಕಾವಲು ಬಿಟ್ಟು ಓಡಿದ ಪಡೆಯಲ್ಲಿ ಚೀಟಿ ಎತ್ತಿ, ಹತ್ತರಲ್ಲೊಬ್ಬನನ್ನು ಉಳಿದ ಒಂಬತ್ತು ಜನರ ಕೈಯಿಂದಲೇ ಬಡಿದು ಕೊಲ್ಲಿಸುವ ಪದ್ಧತಿ ರೋಮಿನಲ್ಲಿತ್ತು. ಅದನ್ನು ಆಟದಲ್ಲಿಟ್ಟದ್ದು ಹೆದರಿಕೆಗೆ. ಇಂಥ ಹೇಸಿಗೆಯ ಹತ್ತಿರವೂ ಯಾರೂ ಸುಳಿಯಲಾರರು, ಆದ್ದರಿಂದ ನೆಟ್ಟಗೆ ಕಾವಲು ಕಾಯುತ್ತಾರೆ ಎಂಬುದು ಅವಳ ತರ್ಕ. ಮೂರನೆಯದು, ಒಪ್ಪಿಗೆ ಕೇಳಿದಾಗ ಸುಮ್ಮನಿದ್ದವರು ಒಪ್ಪಿದ ಹಾಗೆ. ಅದು ಆಸ್ಪತ್ರೆಯ ಪಾಳಿ ಹಂಚುವ ಪದ್ಧತಿ. ಹಾಗೇ ಎತ್ತಿ ಆಟಕ್ಕೆ ಹಾಕಿದ್ದಳು.

ಆಟ ಶುರುವಾದ ಮೊದಲ ವಾರವೇ, ಬಟ್ಟೆಯಂತ್ರ ತಿರುಗುತ್ತಿದ್ದ ಆ ಬೆಳಿಗ್ಗೆ, ಅವಳು ಗವಸು ಬಿಚ್ಚಿ ಫೋನು ನೋಡಿದಳು. ತಮ್ಮ ಮತ್ತು ಔಷಧಿ ಅಂಗಡಿಯವನು ಸೇರಿ, ಶತ್ರುವಿನ ಸುಳಿವೇ ಇಲ್ಲದಾಗ, ಉತ್ತರದ ಕಾವಲುಗೋಪುರವನ್ನು ಖಾಲಿ ಬಿಡಿಸಿದ್ದರು. ಅಲ್ಲಿದ್ದದ್ದು ಅವಳ ಪಡೆ. ಶಿಕ್ಷೆಯ ಪುಟಕ್ಕೆ ಬೇಗ ತಲುಪಲೆಂದೇ ಮಾಡಿದ ಕೆಲಸ. ಹಿಂದಿನ ಸಂಜೆ ಅವರು ಒಪ್ಪಿಗೆ ಕೇಳಿದಾಗ ಚಾಲಕ ಉತ್ತರಿಸಿರಲಿಲ್ಲ, ಆದ್ದರಿಂದ ಒಪ್ಪಿದ್ದ. ಅವಳೂ ಉತ್ತರಿಸಿರಲಿಲ್ಲ, ಆದ್ದರಿಂದ ಅವಳೂ ಒಪ್ಪಿದ್ದಳು. ಚೀಟಿ ಕೆಮ್ಮುವ ಸಿಪಾಯಿಗೆ ಬಿದ್ದಿತ್ತು.

ಅವನ ಸಾವನ್ನು ತಮ್ಮ ಉದ್ದಕ್ಕೆ ಬರೆದಿದ್ದ. ದವಡೆ ಯಾವ ಕಡೆ ವಾಲಿತು, ಹಲ್ಲು ಎಲ್ಲಿ ಬಿದ್ದವು, ಕೆಮ್ಮಲು ಹೋದಾಗ ಬಾಯಿಂದ ಏನು ಬಂತು, ಎಲ್ಲವೂ ಇತ್ತು. ಕೆಳಗೆ ಔಷಧಿ ಅಂಗಡಿಯವನು ನಗುವ ಮುಖಗಳನ್ನು ಸಾಲಾಗಿ ಹಾಕಿ, "ಒಂದೇ ಏಟಿಗೆ ಸಾಯಿಸ್ಬೇಡ, ಇನ್ನೂ ಎಳಿ" ಎಂದಿದ್ದ. ತಮ್ಮ ಎಳೆದಿದ್ದ.

ಅವಳು ಪೂರ್ತಿ ಓದಿದಳು. ಆಮೇಲೆ ನಲ್ಲಿಯ ಹತ್ತಿರ ಹೋಗಿ, ಏನೂ ಮೆತ್ತಿರದ ಕೈಗಳನ್ನು ಸೋಪು ಹಾಕಿ ತೊಳೆದಳು. ಸಾಲದೆ ಇನ್ನೊಮ್ಮೆ ತೊಳೆದಳು.

ತಮ್ಮನಿಗೆ ಫೋನು ಮಾಡಿದಾಗ ಅವನು ಖುಷಿಯಲ್ಲಿದ್ದ. "ಓದಿದ್ಯಾ? ಹೆಂಗಿದೆ?"

"ಅದು ಯಾರ ಕೆಮ್ಮು ಅಂತ ಗೊತ್ತಿತ್ತಾ ನಿಂಗೆ?"

"ಗೊತ್ತಿಲ್ದೆ ಏನು? ನಿಮ್ಮ ಮಾವಂದು. ಕಣ್ಣಿಗೆ ಕಟ್ಟಿದಂಗಿತ್ತು, ಅದಕ್ಕೇ ಅಷ್ಟು ಚೆನ್ನಾಗಿ ಬಂತು."

ಅವಳ ನಾಲಿಗೆಯ ಮೇಲೆ ಕಹಿ ಊರಿತು. ಗೊತ್ತಿರಲಿಲ್ಲ ಎಂದಿದ್ದರೆ ಕ್ಷಮಿಸಿಬಿಡುತ್ತಿದ್ದಳೇನೋ.

"ಅಕ್ಕಾ, ಆಟ ತಾನೇ? ಶಿಕ್ಷೆ ಇಟ್ಟೋಳು ನೀನೇ ಅಲ್ವಾ?"

"ಹೌದು, ನಾನೇ. ನಿಂಗೂ ಹೇಸಿಗೆ ಆಗುತ್ತೆ ಅಂದ್ಕೊಂಡಿದ್ದೆ. ನೋಡು, ಆರಾಮಾ ಅಂತ ಕೇಳೋಕೆ ಫೋನ್ ಮಾಡು, ಮಾತಾಡ್ತೀನಿ. ಆಟಕ್ಕೆ ಬರ್ಬೇಡ."

ಫೋನು ಇಟ್ಟು ಅವನ ಹೆಸರನ್ನೂ ಔಷಧಿ ಅಂಗಡಿಯವನ ಹೆಸರನ್ನೂ ಆಟದಿಂದ ತೆಗೆದಳು. ಮಾತಿನ ನೆಪ ಹೋಯಿತು. ಬರೆದದ್ದನ್ನು ಅಳಿಸುವಂತಿರಲಿಲ್ಲ, ಅದೂ ಅವಳದೇ ನಿಯಮ. ಸಿಪಾಯಿ ಸತ್ತೇ ಇದ್ದ.

ಸಂಜೆ ಮನೆಯಲ್ಲಿ ಬಟ್ಟೆ ಮಡಚುತ್ತಿದ್ದಾಗ ಬಾಗಿಲಲ್ಲಿ ಕೆಮ್ಮು ಕೇಳಿತು. ಅವಳು ಬೆಚ್ಚಿದಳು. ಮಾವ ಒಳಗೆ ಬಂದು ಮುಖ ನೋಡಿದರು. "ಯಾಕಮ್ಮ, ದೆವ್ವ ಕಂಡಂಗೆ ನೋಡ್ತೀಯಾ?" ಅವಳು ಇದ್ದದ್ದು ಇದ್ದ ಹಾಗೆ ಹೇಳಿದಳು. ಮಾವ ಯೋಚಿಸಿ, "ಕೆಮ್ಮಿದ್ದಕ್ಕೆ ಇಷ್ಟು? ನಾನು ಗೊರಕೆ ಹೊಡೆಯೋದು ಅವನಿಗೆ ಹೇಳ್ಬೇಡ" ಎಂದರು. ಅವಳಿಗೆ ನಗು ಬರಲಿಲ್ಲ, ಆದರೆ ಬಾಯಿಯ ಕಹಿ ತುಸು ಇಳಿಯಿತು.

ಮರುದಿನ ಬಸ್ಸಿನಿಂದ ಇಳಿಯುವಾಗ ಚಾಲಕ ತಗ್ಗಿದ ದನಿಯಲ್ಲಿ, "ಮೇಡಂ, ಅವರು ಕೇಳಿದಾಗ ನಾನು ಬಸ್ ಓಡಿಸ್ತಿದ್ದೆ. ಫೋನ್ ನೋಡಿದ್ದಿದ್ರೆ ಖಂಡಿತ ಒಪ್ತಿರ್ಲಿಲ್ಲ" ಎಂದ.

"ಗೊತ್ತು. ಆ ನಿಯಮ ತೆಗೆದೆ. ಶಿಕ್ಷೆನೂ ತೆಗೆದೆ."

"ಮತ್ತೆ ಧಾನ್ಯದ ಗಾಡಿ ಹಾದೀಲಿ ನಿಂತಿದೆಯಲ್ಲ, ಹೊರಡಿಸ್ಲಾ? ಇಷ್ಟೇ ಜನ ಇದ್ರೆ ಕೋಟೆ ಉಳಿಯುತ್ತಾ?"

ಹಿಂದೆ ಜನ ಇಳಿಯಲು ಅವಸರಪಡುತ್ತಿದ್ದರು. ಅವಳು ಮೆಟ್ಟಿಲ ಮೇಲೇ ನಿಂತು, "ಮೊದಲನೇ ದಿನ ನನ್ನ ತಮ್ಮ ಕೇಳಿದ್ದ, ಕಡೇಪಕ್ಷ ಎಷ್ಟು ಜನ ಬೇಕು ಅಂತ. ನಾನು ಏನಂದಿದ್ದೆ, ನೆನಪಿದ್ಯಾ?" ಎಂದಳು.

ಚಾಲಕನಿಗೆ ನೆನಪಿತ್ತು. ಅವತ್ತು ಆ ಉತ್ತರಕ್ಕೆ ನಗದೇ ಇದ್ದವನು ಅವನೊಬ್ಬನೇ.

"ಇಬ್ಬರು ಅಂದಿದ್ರಿ."